ಹೊಸ ಕೀಲು, ಹಳೆಯ ಹುರಿ

ಕುಳಿತುಕೊಳ್ಳುವುದು, ಏಳುವುದು, ಮೆಟ್ಟಿಲು ಹತ್ತುವುದು, ಇಳಿಯುವುದು — ಇವೆಲ್ಲ ಬಾಲ್ಯದಲ್ಲಿ ನಾವು ಆಲೋಚಿಸದೆಯೇ ಮಾಡುವ ಕೆಲಸಗಳು. ಅವುಗಳ ಬೆಲೆ ತಿಳಿಯುವುದು ಅವು ಕೈತಪ್ಪಿದ ಮೇಲೆ. ಶಹಾಡ್, ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿದ ನಮ್ಮ ಮನೆಗಳ ಹಿರಿಯರಲ್ಲಿ ಅನೇಕರು ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ದುಡಿದು, ದಿನಕ್ಕೆರಡು ಬಾರಿ ರೈಲು ನಿಲ್ದಾಣದ ಮೇಲ್ಸೇತುವೆಯನ್ನು ಹತ್ತಿಳಿದು ಬಾಳಿದವರು. ವಯಸ್ಸಾದಂತೆ ಅವರಲ್ಲಿ ಕೆಲವರ ಮೊಣಕಾಲಿನ ಕೀಲು ಸವೆಯುತ್ತದೆ. ಸವೆದ ಕೀಲಿಗೆ ಬದಲಾಗಿ ಲೋಹದ ಕೀಲನ್ನು ಕೂಡಿಸುವ ಶಸ್ತ್ರಕ್ರಿಯೆ ಇಂದು ನಮ್ಮ ನಗರಗಳಲ್ಲಿ ಮನೆಮಾತಾಗಿದೆ. ಈ ಶಸ್ತ್ರಕ್ರಿಯೆಯಿಂದ ನೋವು ನೀಗಿ, ಮತ್ತೆ ಓಡಾಡುವವರ ಸಂಖ್ಯೆ ದೊಡ್ಡದು.

ಆದರೆ 'ಕೀಲು ಹೊಸದಾಯಿತು, ಇನ್ನು ಯಾವ ಭಯವೂ ಇಲ್ಲ' ಎಂದು ಭಾವಿಸುವುದು ಪೂರ್ಣ ಸತ್ಯವಲ್ಲ. ಹೊಸದಾಗುವುದು ಕೀಲು ಮಾತ್ರ. ಅದನ್ನು ಎಳೆದು ಆಡಿಸುವ ಹುರಿ ಹಳೆಯದೇ. ಆ ಹುರಿ ಹರಿದುಹೋದರೆ ಎಷ್ಟು ಬೆಲೆಬಾಳುವ ಕೀಲೂ ಕೆಲಸಕ್ಕೆ ಬಾರದು. ಹೀಗಾಗುವುದು ವಿರಳ, ಕೀಲು ಬದಲಾಯಿಸಿಕೊಂಡ ನೂರು ಮಂದಿಯಲ್ಲಿ ಮೂವರಿಗಿಂತಲೂ ಕಡಿಮೆ ಜನಕ್ಕೆ ಈ ಆಪತ್ತು ಒದಗುತ್ತದೆ. ಆದರೂ ಒದಗಿದಾಗ ಅದು ಘೋರವಾದುದು. ಆ ಹುರಿಯೆಂದರೇನು, ಅದೇಕೆ ಹರಿಯುತ್ತದೆ, ಹರಿದುದನ್ನು ಶಸ್ತ್ರವೈದ್ಯರು ಹೇಗೆ ಕೂಡಿಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ರಜೆಯಲ್ಲಿ ಊರಿಗೆ ಹೋದಾಗ ನಿಮ್ಮಲ್ಲಿ ಹಲವರು ಸೇದುವ ಬಾವಿಯನ್ನು ನೋಡಿರಬಹುದು. ಅಲ್ಲಿ ಮೂರು ಸಂಗತಿಗಳುಂಟು: ಎಳೆಯುವ ಕೈ, ರಾಟೆಯ ಮೇಲೆ ಹಾದುಬರುವ ಹಗ್ಗ, ಹಗ್ಗದ ತುದಿಯ ಕೊಡ. ನಮ್ಮ ಮೊಣಕಾಲಿನ ಮುಂಭಾಗದಲ್ಲಿಯೂ ಇಂಥದೇ ಏರ್ಪಾಡಿದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವೇ ಎಳೆಯುವ ಕೈ. ನಾಲ್ಕು ಭಾಗಗಳು ಸೇರಿ ಆದುದರಿಂದ ಅದಕ್ಕೆ ಚತುಃಶಿರ ಸ್ನಾಯು ಎಂದು ಹೆಸರು. ಈ ನಾಲ್ಕು ಭಾಗಗಳೂ ಕೆಳಗೆ ಬಂದು ಒಂದು ಗಟ್ಟಿಯಾದ ಹುರಿಯಾಗಿ ಮಂಡಿಚಿಪ್ಪನ್ನು ಹಿಡಿದುಕೊಳ್ಳುತ್ತವೆ. ಮಂಡಿಚಿಪ್ಪಿನ ಕೆಳತುದಿಯಿಂದ ಇನ್ನೊಂದು ಹುರಿ ಹೊರಟು, ಕೆಳಗಾಲಿನ ದೊಡ್ಡ ಎಲುಬಾದ ಜಂಘಾಸ್ಥಿಯ ಮುಂದಿನ ಉಬ್ಬಿಗೆ ಅಂಟಿಕೊಳ್ಳುತ್ತದೆ. ಮಂಡಿಚಿಪ್ಪೇ ಇಲ್ಲಿನ ರಾಟೆ, ಕೆಳಗಾಲೇ ಕೊಡ. ಸ್ನಾಯುವನ್ನು ಎಲುಬಿಗೆ ಬಂಧಿಸುವ ಇಂಥ ಹುರಿಗೆ ಶಾಸ್ತ್ರದಲ್ಲಿ ಸ್ನಾಯುರಜ್ಜು ಎನ್ನುತ್ತಾರೆ. ರಜ್ಜು ಎಂದರೆ ಹಗ್ಗವೇ. ಸುಲಭಕ್ಕಾಗಿ ಮಂಡಿಚಿಪ್ಪಿನ ಮೇಲಿನದನ್ನು ಮೇಲ್ಹುರಿ ಎಂದೂ ಕೆಳಗಿನದನ್ನು ಕೆಳಹುರಿ ಎಂದೂ ಕರೆಯೋಣ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಕುರ್ಚಿಯ ಮೇಲೆ ಕುಳಿತು ಕಾಲನ್ನು ಇಳಿಬಿಟ್ಟು, ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ಎರಡು ಬೆರಳುಗಳನ್ನಿಡಿ. ಈಗ ಕಾಲನ್ನು ಮೆಲ್ಲನೆ ಮುಂದಕ್ಕೆ ಚಾಚಿ. ಬೆರಳಿನ ಕೆಳಗೆ ಒಂದು ಪಟ್ಟಿ ಬಿಗಿಯುವುದು ತಿಳಿಯುತ್ತದೆ. ಅದೇ ಕೆಳಹುರಿ. ಕಾಲನ್ನು ಚಾಚುವುದಕ್ಕಷ್ಟೇ ಅಲ್ಲ, ನಿಂತಾಗ ಮೊಣಕಾಲು ಕುಸಿಯದಂತೆ ತಡೆಯುವುದಕ್ಕೂ ಇದೇ ಆಧಾರ. ಮೆಟ್ಟಿಲು ಹತ್ತುವಾಗ, ಅದಕ್ಕಿಂತಲೂ ಇಳಿಯುವಾಗ, ನೆಲದಿಂದ ಏಳುವಾಗ, ದೇಹದ ಭಾರಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿನ ಎಳೆತ ಈ ಹುರಿಯ ಮೇಲೆ ಬೀಳುತ್ತದೆ. ಅರುವತ್ತು ಕಿಲೋ ತೂಗುವ ಅಜ್ಜಿಯೊಬ್ಬರು ಮೇಲ್ಸೇತುವೆಯಿಂದ ಇಳಿಯುವಾಗ, ಹೆಜ್ಜೆಹೆಜ್ಜೆಗೂ ಒಂದು ಕ್ವಿಂಟಲಿಗೆ ಮಿಕ್ಕಿದ ಎಳೆತವನ್ನು ಅಂಗೈಗಿಂತ ಕಿರಿದಾದ ಒಂದು ಪಟ್ಟಿ ತಡೆದುಕೊಳ್ಳುತ್ತದೆಯೆಂದರೆ ಆಶ್ಚರ್ಯವಲ್ಲವೆ?

ಇಷ್ಟು ಬಲ ಅದಕ್ಕೆ ಎಲ್ಲಿಂದ ಬಂದಿತು? ಇದಕ್ಕೆ ಉದಾಹರಣೆ ಶಹಾಡಿನಲ್ಲಿಯೇ ಉಂಟು. ಇಲ್ಲಿಯ ಸೆಂಚುರಿ ರೇಯಾನ್ ಕಾರ್ಖಾನೆಯಲ್ಲಿ ಮರದ ತಿರುಳನ್ನು ರಾಸಾಯನಿಕ ದ್ರವಗಳಲ್ಲಿ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿ ಎಳೆಗಳನ್ನಾಗಿ ಮಾಡುತ್ತಾರೆ. ಒಂದು ಎಳೆ ಬಲು ದುರ್ಬಲ. ಮಗುವೂ ಅದನ್ನು ಹರಿಯಬಲ್ಲದು. ಅಂಥ ಅನೇಕ ಎಳೆಗಳು ಒಂದರ ಪಕ್ಕದಲ್ಲೊಂದು ಸೇರಿ, ಹುರಿಗೊಂಡು, ವಾಹನಗಳ ಟೈರಿನೊಳಗೆ ಭಾರ ಹೊರುವ ನೂಲೂ ಆಗಬಲ್ಲವು. ನಮ್ಮ ದೇಹವೂ ಇದೇ ವಿದ್ಯೆಯನ್ನು ಬಲ್ಲದು. ಸ್ನಾಯುರಜ್ಜುವಿನ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ಸಸಾರಜನಕ. ಅದರ ಅಣುಗಳು ಎಳೆಗಳಾಗಿ, ಎಳೆಗಳು ಕಟ್ಟುಗಳಾಗಿ, ಕಟ್ಟುಗಳು ಹುರಿಯಾಗಿ, ಎಳೆತದ ದಿಕ್ಕಿನಲ್ಲಿಯೇ ಸಾಲಾಗಿ ಜೋಡಣೆಗೊಂಡಿವೆ. ಆದರೆ ಕಾರ್ಖಾನೆಯ ನೂಲಿಗೂ ದೇಹದ ಹುರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ದೇಹದ ಹುರಿ ಜೀವಂತವಾದುದು. ಎಳೆಗಳ ನಡುವೆ ಜೀವಕೋಶಗಳಿದ್ದು, ಸವೆದುದನ್ನು ತೆಗೆದು ಹೊಸದನ್ನು ನೇಯುತ್ತಿರುತ್ತವೆ. ಅಲ್ಲಿಗೆ ಹರಿಯುವ ರಕ್ತ ಮಾತ್ರ ಅತ್ಯಲ್ಪ. ಆದುದರಿಂದಲೇ ಚರ್ಮದ ಗಾಯ ಹತ್ತು ಹದಿನೈದು ದಿನಗಳಲ್ಲಿ ಮಾಯ್ದರೆ, ಹುರಿಯ ಗಾಯ ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಷಯಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಈ ಬಂಧನಗಳ ಮಹತ್ವವನ್ನು ನಮ್ಮ ಪೂರ್ವಿಕರು ಅರಿತಿದ್ದರು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ದೇಹವನ್ನು ದೋಣಿಗೆ ಹೋಲಿಸಲಾಗಿದೆ. ಹಲಗೆಗಳನ್ನು ಅನೇಕ ಕಟ್ಟುಗಳಿಂದ ಬಿಗಿದಾಗ ದೋಣಿ ನೀರಿನಲ್ಲಿ ಭಾರ ಹೊರುವಂತೆ, ಕೀಲುಗಳು ಕಟ್ಟುಗಳಿಂದ ಬಿಗಿಯಲ್ಪಟ್ಟುದರಿಂದ ಮನುಷ್ಯ ಭಾರ ಹೊರುತ್ತಾನೆ ಎಂಬುದು ಅಲ್ಲಿಯ ಭಾವ. ಎಲುಬು, ಕೀಲುಗಳಿಗಾದ ಪೆಟ್ಟಿಗಿಂತ ಈ ಕಟ್ಟುಗಳಿಗಾದ ಪೆಟ್ಟು ಹೆಚ್ಚು ಕೆಡುಕನ್ನುಂಟುಮಾಡುತ್ತದೆಂಬ ಮಾತೂ ಅಲ್ಲಿದೆ. ಸುಶ್ರುತನು ಈ ಕಟ್ಟುಗಳನ್ನೇ 'ಸ್ನಾಯು' ಎಂದು ಕರೆದನು. ಇಂದಿನ ಕನ್ನಡದಲ್ಲಿ ಆ ಶಬ್ದ ಮಾಂಸಖಂಡಕ್ಕೆ ಸಲ್ಲುತ್ತಿದೆ. ಇತ್ತ ಪಶ್ಚಿಮದಲ್ಲಿ ಗೇಲನ್ ಎಂಬ ಪ್ರಾಚೀನ ವೈದ್ಯನು ಹುರಿಗೂ ನರಕ್ಕೂ ಇರುವ ಭೇದವನ್ನು ಸ್ಪಷ್ಟವಾಗಿ ಕಾಣಲಿಲ್ಲ. ಅದಕ್ಕೆ ಸೂಜಿ ಚುಚ್ಚಿದರೆ ಸೆಳವು ಬರುವುದೆಂದು ಅಂಜಿ, ಹುರಿಯನ್ನು ಹೊಲಿಯಬಾರದೆಂಬ ಮತ ಬಹುಕಾಲ ಪ್ರಬಲವಾಗಿತ್ತು. ಹರಿದ ಹುರಿಯನ್ನು ಹೊಲಿಯಬೇಕೆಂದು ಹೇಳಿದವರಲ್ಲಿ ಮೊದಲಿಗನು ಹನ್ನೊಂದನೆಯ ಶತಮಾನದ ಪಾರಸೀಕ ವೈದ್ಯ ಇಬ್ನ್ ಸೀನಾ.

ಇನ್ನು ಕೀಲು ಬದಲಾವಣೆಯ ಸಂಗತಿಗೆ ಬರೋಣ. ೧೮೯೦ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲೂಕ್ ಎಂಬ ಶಸ್ತ್ರವೈದ್ಯನು ಆನೆಯ ದಂತದಿಂದ ಮಾಡಿದ ಕೀಲನ್ನು ಮೊಣಕಾಲಿನಲ್ಲಿ ಕೂಡಿಸಿದನು. ಆ ಪ್ರಯತ್ನ ಸೋಂಕಿನಿಂದ ನಿಲ್ಲಲಿಲ್ಲ. ಇಂದಿನ ರೀತಿಯ ಕೀಲಿಗೆ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಡಾ. ಜಾನ್ ಇನ್ಸಾಲ್ ಮತ್ತು ಅವರ ಸಂಗಡಿಗರು ೧೯೭೪ರ ಸುಮಾರಿಗೆ ಬಳಕೆಗೆ ತಂದ ಕೀಲು ತಳಹದಿಯಾಯಿತು. ಆ ಸಂಗಡಿಗರಲ್ಲಿ ಭಾರತದವರೇ ಆದ ಡಾ. ಚಿತ್ತರಂಜನ್ ರಾಣಾವತ್ ಒಬ್ಬರು. ಅವರೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡ ಮೊಣಕಾಲನ್ನು ೨೦೦೦ದ ಅಕ್ಟೋಬರಿನಲ್ಲಿಯೂ, ಬಲ ಮೊಣಕಾಲನ್ನು ೨೦೦೧ರ ಜೂನಿನಲ್ಲಿಯೂ ಬದಲಾಯಿಸಿದರು. ಆ ಸುದ್ದಿ ದೇಶದ ಮನೆಮನೆಗೂ ತಲಪಿ, ಈ ಶಸ್ತ್ರಕ್ರಿಯೆಯ ವಿಷಯದಲ್ಲಿ ಜನರಿಗಿದ್ದ ಹೆದರಿಕೆ ತಗ್ಗಿತು. ೨೦೧೭ರ ಆಗಸ್ಟಿನಲ್ಲಿ ಭಾರತ ಸರಕಾರವು ಕೃತಕ ಮೊಣಕಾಲು ಕೀಲುಗಳ ಬೆಲೆಗೆ ಮಿತಿಯನ್ನು ಗೊತ್ತುಪಡಿಸಿದುದರಿಂದ ಮಧ್ಯಮವರ್ಗದವರಿಗೂ ಅದು ಮೊದಲಿಗಿಂತ ಸನಿಹಕ್ಕೆ ಬಂದಿತು.

ಈ ಶಸ್ತ್ರಕ್ರಿಯೆಯಲ್ಲಿ ಕಾಲನ್ನೇ ಬದಲಾಯಿಸುತ್ತಾರೆಂದು ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ. ತೊಡೆಯೆಲುಬಿನ ಸವೆದ ಕೆಳತುದಿಯನ್ನು ತೆಳುವಾಗಿ ಕೊಯ್ದು ಲೋಹದ ಟೊಪ್ಪಿಗೆಯನ್ನು ತೊಡಿಸುತ್ತಾರೆ. ಜಂಘಾಸ್ಥಿಯ ತಲೆಯನ್ನು ಸಮತಟ್ಟು ಮಾಡಿ ಲೋಹದ ತಟ್ಟೆಯನ್ನು ಕೂಡಿಸುತ್ತಾರೆ. ಅವೆರಡರ ನಡುವೆ ನುಣುಪಾದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಮೆತ್ತೆಯನ್ನಿಡುತ್ತಾರೆ. ಮಂಡಿಚಿಪ್ಪಿನ ಒಳಮೈಗೂ ಕೆಲವೊಮ್ಮೆ ಪ್ಲಾಸ್ಟಿಕ್ಕಿನ ಗುಂಡಿಯೊಂದನ್ನು ಅಂಟಿಸುತ್ತಾರೆ. ಸ್ನಾಯು, ಮೇಲ್ಹುರಿ, ಕೆಳಹುರಿ, ಚಿಪ್ಪಿನ ಬಹುಭಾಗ, ಚರ್ಮ ಇವೆಲ್ಲವೂ ರೋಗಿಯವೇ. ಬಾವಿಕಟ್ಟೆಯನ್ನು ಹೊಸದಾಗಿ ಕಟ್ಟಿಸಿದರೂ ಹಗ್ಗ ಮಾತ್ರ ಹಿಂದಿನದೇ ಉಳಿದಂತೆ.

ಆ ಹಗ್ಗಕ್ಕೆ ಅಪಾಯ ಎರಡು ಸಮಯಗಳಲ್ಲಿ ಬರುತ್ತದೆ. ಮೊದಲನೆಯದು ಶಸ್ತ್ರಕ್ರಿಯೆ ನಡೆಯುವಾಗಲೇ. ಕೀಲನ್ನು ತಲಪಬೇಕಾದರೆ ಶಸ್ತ್ರವೈದ್ಯನು ಮಂಡಿಚಿಪ್ಪನ್ನು ಬದಿಗೆ ಸರಿಸಬೇಕು. ಬಹುವರ್ಷಗಳಿಂದ ಬಿಗಿದು ಮಡಚಲಾರದಂತಾದ ಮೊಣಕಾಲಿನಲ್ಲಿ ಹೀಗೆ ಸರಿಸುವಾಗ, ಕೆಳಹುರಿ ಜಂಘಾಸ್ಥಿಯ ಉಬ್ಬಿನಿಂದ ಕಿತ್ತುಬರುವ ಭಯವುಂಟು. ಅನುಭವಿ ವೈದ್ಯರು ಇದನ್ನು ಮುಂಚಿತವಾಗಿಯೇ ಊಹಿಸಿ, ಮೇಲಿನ ಭಾಗವನ್ನು ಜಾಗ್ರತೆಯಿಂದ ಸಡಿಲಿಸಿ, ಹುರಿಯ ಮೇಲೆ ಅತಿಯಾದ ಎಳೆತ ಬೀಳದಂತೆ ನೋಡಿಕೊಳ್ಳುತ್ತಾರೆ. ಎರಡನೆಯದು ಮನೆಗೆ ಬಂದ ಮೇಲೆ. ಒದ್ದೆಯಾದ ನೆಲದ ಮೇಲೆ ಜಾರಿ, ಕಾಲು ಸಟ್ಟನೆ ಮಡಚಿದಾಗ ಹುರಿ ಹರಿಯಬಹುದು. ಒಂದೇ ಮೊಣಕಾಲಿಗೆ ಎರಡು ಮೂರು ಬಾರಿ ಶಸ್ತ್ರಕ್ರಿಯೆಯಾಗಿದ್ದರೆ ಹುರಿಗೆ ರಕ್ತದ ಪೂರೈಕೆ ಕುಗ್ಗಿ ಅದು ಬಲಗುಂದಿರುತ್ತದೆ. ಸಿಹಿಮೂತ್ರರೋಗ, ಸಂಧಿವಾತ, ಮೂತ್ರಪಿಂಡದ ವ್ಯಾಧಿ, ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಔಷಧಿ, ದೇಹದ ಅತಿಭಾರ, ಕೀಲಿನೊಳಗಣ ಸೋಂಕು ಇವೂ ಹುರಿಯನ್ನು ಒಳಗಿಂದೊಳಗೇ ಸಡಿಲಗೊಳಿಸುತ್ತವೆ. ಹೀಗೆ ಸಡಿಲಗೊಂಡ ಹುರಿ ಸಣ್ಣದೊಂದು ಎಡವಿಗೂ ಹರಿಯಬಹುದು.

ಹರಿದುದನ್ನು ತಿಳಿಯುವುದು ಹೇಗೆ? ಇದನ್ನು ಮನೆಯವರೆಲ್ಲರೂ ತಿಳಿದಿರುವುದು ಲೇಸು. ಹುರಿ ಹರಿದಾಗ ಕೆಲವರಿಗೆ 'ಟಪ್' ಎಂಬ ಶಬ್ದ ಕೇಳಿಸಿದಂತಾಗುತ್ತದೆ. ಮೊಣಕಾಲು ಊದಿಕೊಳ್ಳುತ್ತದೆ. ನಿಂತರೆ ಕಾಲು ಕುಸಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಲಕ್ಷಣವೆಂದರೆ, ಹಾಸಿಗೆಯ ಮೇಲೆ ಮಲಗಿದವರು ಕಾಲನ್ನು ಮಡಚದೆ ನೇರವಾಗಿ ಮೇಲಕ್ಕೆತ್ತಲಾರರು. ಇನ್ನೊಬ್ಬರು ಎತ್ತಿ ಹಿಡಿದು ಕೈಬಿಟ್ಟರೆ ಕೆಳಗಾಲು ಜೋತುಬೀಳುತ್ತದೆ. ಶಸ್ತ್ರಕ್ರಿಯೆಯಾದ ಮೊದಲ ಕೆಲವು ದಿನ ನೋವಿನಿಂದಲೂ ಕಾಲೆತ್ತಲು ಕಷ್ಟವಾಗುವುದುಂಟು. ಅದು ದಿನದಿನಕ್ಕೆ ಸುಧಾರಿಸುತ್ತದೆ. ಆದರೆ ನಿನ್ನೆಯವರೆಗೆ ಕಾಲೆತ್ತುತ್ತಿದ್ದವರು ಬಿದ್ದ ತರುವಾಯ ಎತ್ತಲಾರದೆ ಹೋದರೆ, 'ನಾಳೆ ನೋಡೋಣ' ಎನ್ನಬಾರದು. ಹರಿದ ಹುರಿಯ ಮೇಲಿನ ತುದಿಯನ್ನು ಸ್ನಾಯು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ವಾರಗಳು ಕಳೆದಂತೆ ಆ ತುದಿ ದೂರ ಸರಿದು, ಕುಗ್ಗಿ, ಅಕ್ಕಪಕ್ಕದ ಭಾಗಗಳಿಗೆ ಅಂಟಿಕೊಳ್ಳುತ್ತದೆ. ಆ ಮೇಲೆ ಎರಡು ತುದಿಗಳನ್ನು ಕೂಡಿಸುವುದು ಬಹಳ ಕಠಿಣ. ಎಣ್ಣೆ ತಿಕ್ಕುವುದರಿಂದಾಗಲಿ ಕಾಲನ್ನು ಎಳೆದು ಕಟ್ಟಿಸುವುದರಿಂದಾಗಲಿ ಹರಿದ ಹುರಿ ಕೂಡುವುದಿಲ್ಲ. ಅದರಿಂದ ಕಳೆಯುವುದು ಅಮೂಲ್ಯವಾದ ಕಾಲ ಮಾತ್ರ. ಕಾಲನ್ನು ಚಾಚಿದಂತೆಯೇ ಆಧಾರ ಕೊಟ್ಟು ಬಿಗಿದು, ಭಾರ ಹಾಕಗೊಡದೆ, ಕೀಲು ಬದಲಾಯಿಸಿದ ವೈದ್ಯರ ಬಳಿಗೆ ಒಯ್ಯಬೇಕು.

ವೈದ್ಯರು ಮೊದಲು ಕೈಯಿಂದ ಮುಟ್ಟಿ ನೋಡುತ್ತಾರೆ. ಹುರಿ ಇರಬೇಕಾದ ಎಡೆಯಲ್ಲಿ ತಗ್ಗು ಸಿಕ್ಕುತ್ತದೆ. ಪಕ್ಕದಿಂದ ತೆಗೆದ ಕ್ಷಕಿರಣ ಚಿತ್ರದಲ್ಲಿ ಮಂಡಿಚಿಪ್ಪಿನ ಸ್ಥಾನ ಸತ್ಯವನ್ನು ಹೊರಗೆಡಹುತ್ತದೆ: ಕೆಳಹುರಿ ಹರಿದಿದ್ದರೆ ಚಿಪ್ಪು ಮೇಲಕ್ಕೇರಿರುತ್ತದೆ, ಮೇಲ್ಹುರಿ ಹರಿದಿದ್ದರೆ ಕೆಳಕ್ಕಿಳಿದಿರುತ್ತದೆ. ಶಬ್ದತರಂಗಗಳ ಪರೀಕ್ಷೆಯಿಂದ ಎಳೆಗಳು ಎಷ್ಟು ಹರಿದಿವೆಯೆಂಬುದನ್ನೂ ಕಾಣಬಹುದು. ಹರಿದುದೆಲ್ಲಕ್ಕೂ ಶಸ್ತ್ರವೇ ಬೇಕೆಂದಿಲ್ಲ. ಮೇಲ್ಹುರಿ ಸ್ವಲ್ಪವೇ ಹರಿದು, ರೋಗಿ ಕಾಲನ್ನು ಬಹುಮಟ್ಟಿಗೆ ಚಾಚಬಲ್ಲವನಾಗಿದ್ದರೆ, ಕೆಲವು ವಾರ ಕಾಲನ್ನು ನೆಟ್ಟಗೆ ಕಟ್ಟಿಟ್ಟು ಮಾಯಗೊಡುವುದೇ ಸಾಕಾಗಬಹುದು. ಪೂರ್ತಿಯಾಗಿ ಹರಿದಾಗ ಮಾತ್ರ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಅನಿವಾರ್ಯ.

ಅತ್ಯಂತ ಸರಳವಾದ ಕ್ರಮವೆಂದರೆ ನೇರವಾಗಿ ಹೊಲಿಯುವುದು. ಎಲುಬಿನಲ್ಲಿ ಸಣ್ಣ ತೂತುಗಳನ್ನು ಕೊರೆದು, ಗಟ್ಟಿಯಾದ ದಾರವನ್ನು ಹುರಿಯ ಎರಡು ಅಂಚುಗಳಲ್ಲಿ ಕೊಂಡಿಕೊಂಡಿಯಾಗಿ ಹಾಯಿಸಿ ಬಿಗಿಯುತ್ತಾರೆ. ಆಟಗಾರನಾದ ತರುಣನ ಹುರಿ ಹರಿದಾಗ ಈ ಹೊಲಿಗೆ ಬಹುಮಟ್ಟಿಗೆ ಸಫಲವಾಗುತ್ತದೆ. ಆದರೆ ಕೀಲು ಬದಲಾಯಿಸಿಕೊಂಡ ವೃದ್ಧರಲ್ಲಿ ಬರಿಯ ಹೊಲಿಗೆ ಅನೇಕ ವೇಳೆ ಬಿಚ್ಚಿಕೊಳ್ಳುತ್ತದೆ. ಏಕೆ? ಹಳೆಯ ಸೀರೆಯ ಹರಿದ ಅಂಚನ್ನು ಹೊಸ ದಾರದಿಂದ ಹೊಲಿದರೆ ದಾರ ಗಟ್ಟಿಯಾಗಿಯೇ ಇರುತ್ತದೆ; ಆದರೆ ಪಕ್ಕದ ಬಟ್ಟೆಯೇ ಜಿಬುರಾಗಿ ಹರಿಯುತ್ತದೆ. ಇಲ್ಲಿಯೂ ಹಾಗೆಯೇ. ದೋಷ ದಾರದಲ್ಲಿಲ್ಲ, ದಾರವನ್ನು ಹಿಡಿಯಬೇಕಾದ ಹುರಿಯಲ್ಲಿದೆ. ರಕ್ತದ ಪೂರೈಕೆ ಅಲ್ಪವಾದುದರಿಂದ ಅದು ಬೇಗ ಕೂಡಿಕೊಳ್ಳುವುದೂ ಇಲ್ಲ. ಆದುದರಿಂದ ಹೊಲಿಗೆಗೆ ಒತ್ತಾಸೆಯಾಗಿ ಬೇರೊಂದು ಹುರಿ ಬೇಕು. ಅದನ್ನು ತರುವ ಮೂಲಗಳು ಮೂರು.

ಮೊದಲನೆಯದು ರೋಗಿಯ ಸ್ವಂತ ದೇಹ. ತೊಡೆಯ ಹಿಂಭಾಗದಲ್ಲಿ, ಒಂದನ್ನು ತೆಗೆದರೂ ನಡಿಗೆಗೆ ಹೆಚ್ಚಿನ ಕುಂದು ಬಾರದಂಥ ನೀಳವಾದ ಹುರಿಗಳಿವೆ. ಅವುಗಳಲ್ಲೊಂದಾದ ಸೆಮಿಟೆಂಡಿನೋಸಸ್ಸಿನ ಒಂದು ತುದಿ ಜಂಘಾಸ್ಥಿಗೆ ಅಂಟಿಕೊಂಡಿರುವಂತೆಯೇ, ಇನ್ನೊಂದು ತುದಿಯನ್ನು ಬಿಡಿಸಿ ತಂದು, ಮಂಡಿಚಿಪ್ಪನ್ನು ಬಳಸಿ, ಮರಳಿ ಜಂಘಾಸ್ಥಿಗೆ ಕಟ್ಟುತ್ತಾರೆ. ಕೀಲು ಬದಲಾವಣೆಯ ಅನಂತರ ಹರಿದ ಕೆಳಹುರಿಗೆ ಈ ಕ್ರಮವನ್ನು ಬಳಸಿದ ಅನುಭವವನ್ನು ಕಡಾಂಬಿ ಮತ್ತು ಎಂಗ್ ಎಂಬ ವೈದ್ಯರು ೧೯೯೨ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಸ್ವಂತ ಹುರಿ ಜೀವಂತವಾದುದು, ದೇಹಕ್ಕೆ ಪರಕೀಯವಲ್ಲ; ಇದು ಅದರ ಗುಣ. ಆದರೆ ಬಹಳ ಕಾಲದ ಹಿಂದೆ ಹರಿದು, ದೊಡ್ಡ ಅಂತರ ಉಂಟಾದಲ್ಲಿ ಅದು ಸಾಲದು.

ಎರಡನೆಯದು ದಾನವಾಗಿ ಬಂದ ಹುರಿ. ಮೃತರಾದವರ ದೇಹದಿಂದ, ಬಂಧುಗಳ ಒಪ್ಪಿಗೆ ಪಡೆದು ತೆಗೆದು, ಶುದ್ಧಗೊಳಿಸಿ, ಕಾಯ್ದಿರಿಸಿದ ಹುರಿಯನ್ನು ಎಲುಬಿನ ತುಂಡಿನೊಡನೆ ಕೂಡಿಸುತ್ತಾರೆ. ಕೆಲವೊಮ್ಮೆ ಹಿಮ್ಮಡಿಯ ಎಲುಬಿನ ತುಂಡಿನೊಡನೆ ಹಿಮ್ಮಡಿಯ ದೊಡ್ಡ ಹುರಿಯನ್ನು ಬಳಸುವುದುಂಟು. ಕೆಲವೊಮ್ಮೆ ಮೇಲ್ಹುರಿ, ಚಿಪ್ಪು, ಕೆಳಹುರಿ, ಜಂಘಾಸ್ಥಿಯ ಉಬ್ಬು ಇವಿಷ್ಟನ್ನೂ ಅಖಂಡವಾಗಿ ಕೂಡಿಸುವುದುಂಟು. ಹೀಗೆ ಅಖಂಡವಾಗಿ ಕೂಡಿಸಿದ ವರದಿಯನ್ನು ಎಮರ್ಸನ್ ಮತ್ತು ಸಂಗಡಿಗರು ೧೯೯೦ರಲ್ಲಿ ಹೊರತಂದರು. ಮೊದಮೊದಲು ಅದನ್ನು ಸ್ವಲ್ಪ ಸಡಿಲವಾಗಿ ಕಟ್ಟುತ್ತಿದ್ದರು. ಅಂಥವು ದಿನ ಕಳೆದಂತೆ ಇನ್ನಷ್ಟು ಸಡಿಲಗೊಂಡು ನಿರುಪಯೋಗಿಯಾದವು. ಕಾಲನ್ನು ಪೂರ್ತಿಯಾಗಿ ಚಾಚಿ, ಬಿಗಿಯಾಗಿ ಕಟ್ಟಿದವು ಬಾಳಿಕೆ ಬಂದವು. ಈ ಪಾಠವನ್ನು ೨೦೦೪ರಲ್ಲಿ ಪ್ರಕಟವಾದ ಒಂದು ತುಲನೆ ಸ್ಪಷ್ಟಪಡಿಸಿತು. ಬಿಗಿ ಎಷ್ಟೆಂಬುದು ವೈದ್ಯನ ಕೈಯ ಅಳತೆಗೆ ಸೇರಿದ ವಿಷಯ; ಆದರೆ ಅದರ ಮೇಲೆಯೇ ರೋಗಿಯ ಮುಂದಿನ ನಡಿಗೆ ನಿಂತಿದೆ.

ನಮ್ಮ ದೇಶದಲ್ಲಿ ೧೯೯೪ರ ಅಂಗಾಂಗ ಕಸಿ ಕಾಯಿದೆಗೆ ೨೦೧೧ರಲ್ಲಿ ತಿದ್ದುಪಡಿ ತಂದು, ಎಲುಬು, ಚರ್ಮ, ಹುರಿ ಮುಂತಾದ ಊತಕಗಳನ್ನೂ ಅದರ ವ್ಯಾಪ್ತಿಗೆ ಸೇರಿಸಲಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ೧೯೮೮ರಿಂದ ಊತಕ ನಿಧಿಯೊಂದು ನಡೆದುಬಂದಿದೆ. ದಾನವಾಗಿ ಬಂದ ಎಲುಬು ಮೊದಲಾದವನ್ನು ಅದು ಗಾಮಾ ಕಿರಣಗಳಿಂದ ಕ್ರಿಮಿರಹಿತಗೊಳಿಸಿ ರೋಗಿಗಳಿಗೆ ಒದಗಿಸುತ್ತದೆ. ವೈದ್ಯಕೀಯ ಸಾಮಗ್ರಿಗಳನ್ನು ಈ ಕಿರಣಗಳಿಂದ ಶುದ್ಧಗೊಳಿಸುವ ಐಸೋಮೆಡ್ ಎಂಬ ಸ್ಥಾವರ ೧೯೭೪ರಲ್ಲಿಯೇ ನಮ್ಮ ನೆರೆಯ ಟ್ರಾಂಬೆಯಲ್ಲಿ ಆರಂಭವಾಯಿತು. ಆದರೂ ಊತಕದಾನ ನಮ್ಮಲ್ಲಿ ಇನ್ನೂ ವಿರಳ. ನೇತ್ರದಾನದ ಹೆಸರನ್ನು ಕೇಳಿದವರು ಬಹುಮಂದಿ. ಎಲುಬು, ಹುರಿಗಳ ದಾನದಿಂದಲೂ ಒಬ್ಬರು ಎದ್ದು ನಡೆಯಬಹುದೆಂದು ಬಲ್ಲವರು ಕೆಲವರೇ.

ಮೂರನೆಯದು ನೇಯ್ದ ಜಾಲರಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಹಗ್ಗ, ಚೀಲ, ಕುರ್ಚಿಗಳನ್ನು ತಯಾರಿಸುವುದನ್ನು ನೀವು ಬಲ್ಲಿರಿ. ಅದರ ಎಳೆಗಳಿಂದ ಹೆಣೆದ ಜಾಲರಿಯನ್ನು ಅಂಡವಾಯುವಿನ ಶಸ್ತ್ರಕ್ರಿಯೆಯಲ್ಲಿ ೧೯೫೦ರ ದಶಕದ ಕೊನೆಯ ಹೊತ್ತಿಗೇ ಬಳಸತೊಡಗಿದ್ದರು. ಅದೇ ಜಾಲರಿಯಿಂದ ಮೊಣಕಾಲಿನ ಹುರಿಯನ್ನು ಮರಳಿ ಕಟ್ಟುವ ಕ್ರಮವನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ಬ್ರೌನ್ ಮತ್ತು ಹ್ಯಾನ್ಸೆನ್ ಎಂಬ ವೈದ್ಯರು ೨೦೧೧ರಲ್ಲಿ ಪ್ರಕಟಿಸಿದರು. ಜಾಲರಿಯ ಹಾಳೆಯನ್ನು ಚಾಪೆಯಂತೆ ಹಲವು ಸುತ್ತು ಸುತ್ತಿ, ಹೊಲಿದು, ಪಟ್ಟಿಯಾಗಿಸುತ್ತಾರೆ. ಜಂಘಾಸ್ಥಿಯಲ್ಲಿ ತೋಡಿದ ಕಾಲುವೆಯಲ್ಲಿ ಅದರ ಕೆಳತುದಿಯನ್ನಿಟ್ಟು ಎಲುಬಿನ ಸಿಮೆಂಟಿನಿಂದ ಭದ್ರಪಡಿಸುತ್ತಾರೆ. ಮೇಲ್ತುದಿಯನ್ನು ತೊಡೆಯ ಸ್ನಾಯುವಿನ ಎರಡು ಪಾರ್ಶ್ವಗಳ ನಡುವೆ ಸೇರಿಸಿ ಹೊಲಿಯುತ್ತಾರೆ. ಜಾಲರಿ ಪ್ಲಾಸ್ಟಿಕ್ಕಿಗೆ ತಾಗಿ ಸವೆಯದಂತೆ ನಡುವೆ ದೇಹದ ಸ್ವಂತ ಪೊರೆಯ ಹೊದಿಕೆಯನ್ನಿಡುತ್ತಾರೆ. ಇದರ ಸ್ವಾರಸ್ಯವಿರುವುದು ಜಾಲರಿಯ ಕಣ್ಣುಗಳಲ್ಲಿ. ಹಂದರದ ಮೇಲೆ ಮಲ್ಲಿಗೆಯ ಬಳ್ಳಿ ಹಬ್ಬುವಂತೆ, ದೇಹದ ಜೀವಕೋಶಗಳು ಆ ಕಣ್ಣುಗಳೊಳಗೆ ನುಗ್ಗಿ ಕೊಲಾಜೆನ್ ಎಳೆಗಳನ್ನು ನೇಯುತ್ತವೆ. ಪ್ಲಾಸ್ಟಿಕ್ಕು ಹಂದರ ಮಾತ್ರ. ಹುರಿಯನ್ನು ಮರಳಿ ನೇಯುವುದು ದೇಹವೇ. ದಾನದ ಹುರಿ ಸುಲಭವಾಗಿ ದೊರೆಯದ ಎಡೆಗಳಲ್ಲಿ ಅಗ್ಗವಾದ ಈ ಜಾಲರಿ ದೊಡ್ಡ ಉಪಕಾರಿಯಾಗಿದೆ.

ಈ ಮೂರರಲ್ಲಿ ಯಾವುದನ್ನೇ ಆಯ್ದರೂ ಒಂದು ಶತ್ರುವಿನ ಭಯ ತಪ್ಪಿದ್ದಲ್ಲ. ಅದು ಸೋಂಕು. ಲೋಹ, ಪ್ಲಾಸ್ಟಿಕ್ಕುಗಳ ಮೇಲೆ ರೋಗಾಣುಗಳು ಲೋಳೆಯ ಕವಚವನ್ನು ಹೆಣೆದುಕೊಂಡು ಅಡಗುತ್ತವೆ. ಔಷಧಿ ಅವುಗಳನ್ನು ಅಲ್ಲಿ ಸುಲಭವಾಗಿ ತಲಪಲಾರದು. ಆದುದರಿಂದ ಹುರಿಯನ್ನು ಕಟ್ಟುವ ಮೊದಲು ಕೀಲಿನಲ್ಲಿ ಸೋಂಕಿಲ್ಲವೆಂದು ವೈದ್ಯರು ಖಚಿತಪಡಿಸಿಕೊಳ್ಳುತ್ತಾರೆ. ಸೋಂಕಿದ್ದರೆ ಮೊದಲು ಅದನ್ನೇ ನಿವಾರಿಸುತ್ತಾರೆ. ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡುವುದು, ತಂಬಾಕನ್ನು ಬಿಡುವುದು ಇವೂ ಗಾಯ ಮಾಯಲು ಬೇಕಾದ ಸಿದ್ಧತೆಗಳೇ.

ಶಸ್ತ್ರಕ್ರಿಯೆ ಮುಗಿದೊಡನೆ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಅರ್ಧ ಕೆಲಸ ಶಸ್ತ್ರವೈದ್ಯನದಾದರೆ ಉಳಿದರ್ಧ ಮನೆಯವರದು. ಕಾಲನ್ನು ಪೂರ್ತಿಯಾಗಿ ಚಾಚಿದ ಸ್ಥಿತಿಯಲ್ಲಿ ಪಟ್ಟು ಹಾಕಿ, ಆಯ್ದ ಕ್ರಮಕ್ಕೆ ಅನುಸಾರವಾಗಿ ಆರು ವಾರಗಳಿಂದ ಮೂರು ತಿಂಗಳವರೆಗೆ ಹಾಗೆಯೇ ಇಡಬೇಕಾಗುತ್ತದೆ. ಜಾಲರಿಯ ಕ್ರಮದಲ್ಲಿ ಸುಮಾರು ಮೂರು ತಿಂಗಳು ಬೇಕು. ಆ ಮೇಲೆ ಕೀಲುಳ್ಳ ಪಟ್ಟಿಯನ್ನು ತೊಡಿಸಿ, ವೈದ್ಯರು ಹೇಳಿದಷ್ಟೇ ಅಂಶಗಳಂತೆ, ವಾರವಾರಕ್ಕೂ ಸ್ವಲ್ಪಸ್ವಲ್ಪವಾಗಿ ಮಡಚುವ ಅಭ್ಯಾಸ ಮಾಡಿಸುತ್ತಾರೆ. ಸಾಧಾರಣ ಕೀಲು ಬದಲಾವಣೆಯಲ್ಲಿ ಮರುದಿನವೇ ಕಾಲು ಮಡಚಿಸಿ ನಡೆಸುತ್ತಾರಲ್ಲವೆ? ಇಲ್ಲಿ ಅದಕ್ಕೆ ತೀರ ವಿರುದ್ಧ. ಅಲ್ಲಿ ಬೇಗನೆ ಮಡಚುವುದು ಗುಣ. ಇಲ್ಲಿ ಬೇಗನೆ ಮಡಚುವುದು ದೋಷ. ನೆರೆಯವರು, ನೆಂಟರು ಬಂದು 'ನಮ್ಮವರು ಎಂಟೇ ದಿನದಲ್ಲಿ ಕಾಲು ಮಡಚಿದರು, ನೀವೇಕೆ ಹೀಗೆ ಮಲಗಿದ್ದೀರಿ?' ಎಂದು ಕೇಳಿದಾಗ ಹಿರಿಯರ ಮನಸ್ಸು ಚಂಚಲಗೊಳ್ಳುವುದು ಸಹಜ. ಹುರಿ ಕೂಡಿಕೊಳ್ಳಲು ತಿಂಗಳುಗಳು ಬೇಕೆಂಬ ಕಾರಣವನ್ನು ಆಗ ಶಾಂತವಾಗಿ ತಿಳಿಸಿಹೇಳುವವರು ಮನೆಯಲ್ಲೊಬ್ಬರಿರಬೇಕು.

ಆ ಒಬ್ಬರು ನೀವೇ ಏಕಾಗಬಾರದು? ತಂದೆತಾಯಂದಿರು ಕೆಲಸಕ್ಕೆಂದು ಬೆಳಗಿನ ಗಾಡಿ ಹಿಡಿದು ಹೋದ ಮೇಲೆ ಅಜ್ಜ ಅಜ್ಜಿಯರೊಡನೆ ಮನೆಯಲ್ಲುಳಿಯುವವರು ಬಹುಶಃ ಮಕ್ಕಳೇ. ಬಚ್ಚಲಿನ ನೆಲ, ಅಡಿಗೆಮನೆಯ ನೆಲ ಒದ್ದೆಯಾಗಿದ್ದರೆ ಒರಸುವುದು. ನಡೆಯುವ ದಾರಿಯಲ್ಲಿ ಚಾಪೆಯ ಅಂಚು, ಚಪ್ಪಲಿ, ಪುಸ್ತಕದ ಚೀಲಗಳು ಕಾಲಿಗೆ ತೊಡರದಂತೆ ಎತ್ತಿಡುವುದು. ರಾತ್ರಿ ಒಂದು ಸಣ್ಣ ದೀಪವನ್ನು ಉರಿಸಿಡುವುದು. ನೆಲದ ಮೇಲೆ ಮಣೆ ಹಾಕುವ ಬದಲು ಎತ್ತರದ ಕುರ್ಚಿಯನ್ನು ಕೊಡುವುದು. ಕಾಲಿನ ಪಟ್ಟಿ ಸಡಿಲವಾಗಿದೆಯೆ, ಬೆರಳುಗಳು ಊದಿವೆಯೆ, ಗಾಯದಿಂದ ನೀರೊಸರುತ್ತಿದೆಯೆ ಎಂದು ನೋಡಿ ಹಿರಿಯರಿಗೆ ತಿಳಿಸುವುದು — ಇವಾವುದಕ್ಕೂ ವೈದ್ಯವಿದ್ಯೆ ಬೇಕಾಗಿಲ್ಲ. ಏಳುವಾಗ ಕೈಹಿಡಿದು ಎಳೆಯಬೇಡಿ. ಪಕ್ಕದಲ್ಲಿ ನಿಂತು, ಅವರೇ ಕುರ್ಚಿಯ ಕೈಯನ್ನು ಊರಿ ಏಳುವಂತೆ ಆಸರೆಯಾಗಿರಿ. ಹಾಗೆ ಹಿಡಿದ ಒಂದು ಕ್ಷಣದ ಎಚ್ಚರಿಕೆ ಮೂರು ತಿಂಗಳ ಶ್ರಮವನ್ನು ಉಳಿಸಬಲ್ಲದು.

ಫಲದ ವಿಷಯದಲ್ಲಿಯೂ ಸತ್ಯವನ್ನೇ ಹೇಳಬೇಕು. ಇಷ್ಟೆಲ್ಲ ಮಾಡಿದರೂ ಕಾಲು ಮೊದಲಿನಂತೆಯೇ ಆಗುವುದೆಂಬ ಭರವಸೆಯಿಲ್ಲ. ಕೆಲವರಿಗೆ ಕಾಲನ್ನು ಕೊನೆಯ ಕೆಲವು ಅಂಶ ಚಾಚಲಾಗುವುದಿಲ್ಲ. ಕೆಲವರಿಗೆ ಮಡಚುವುದು ಕಡಿಮೆಯಾಗುತ್ತದೆ. ಕೆಲವರಿಗೆ ಕೋಲಿನ ಆಸರೆ ಉಳಿಯುತ್ತದೆ. ಒಮ್ಮೆ ಕಟ್ಟಿದುದು ಮತ್ತೆ ಸಡಿಲಗೊಳ್ಳುವುದೂ ಉಂಟು. ಆದರೂ ನಿಂತರೆ ಕುಸಿಯುತ್ತಿದ್ದವರು ಕೋಲೂರಿಯಾದರೂ ತಮ್ಮ ಕೋಣೆಯಿಂದ ಅಂಗಳಕ್ಕೆ, ಅಂಗಳದಿಂದ ಶಹಾಡಿನ ವಿಠ್ಠಲ ಮಂದಿರಕ್ಕೆ ಪರರ ಹೆಗಲಿಲ್ಲದೆ ಹೋಗಿಬರುವಂತಾದರೆ, ಅದು ಅಲ್ಪವಾದ ಲಾಭವಲ್ಲ. ಸ್ವಾವಲಂಬನೆ ಎಂಬುದು ತರುಣರಿಗಿಂತ ವೃದ್ಧರಿಗೆ ಹೆಚ್ಚು ಪ್ರಿಯವಾದುದು.

ಮನುಷ್ಯನು ತನ್ನ ಬುದ್ಧಿಯಿಂದ ಎಲುಬಿಗೆ ಬದಲಾಗಿ ಲೋಹವನ್ನಿಟ್ಟನು, ಹುರಿಗೆ ಹಂದರವಾಗಿ ಜಾಲರಿಯನ್ನು ಹೆಣೆದನು. ಆದರೆ ಆ ಹಂದರದ ಮೇಲೆ ಹಬ್ಬಬೇಕಾದ ಜೀವದ ಬಳ್ಳಿ ತನ್ನ ಕಾಲಕ್ಕೆ ತಾನೇ ಹಬ್ಬುತ್ತದೆ. ಅದನ್ನು ಅವಸರಪಡಿಸುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡ��ದಿಲ್ಲ. 'ತಾಳಿದವನು ಬಾಳಿಯಾನು' ಎಂಬ ನಮ್ಮ ಗಾದೆಯನ್ನು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಹರಿದ ಹುರಿ ಕೂಡಿಕೊಳ್ಳುವುದು ಇಂಥ ತಾಳ್ಮೆಯಿಂದಲೇ. ರೋಗಿಯ ತಾಳ್ಮೆ, ವೈದ್ಯನ ಕೌಶಲ, ಮನೆಯವರ ಎಚ್ಚರ ಈ ಮೂರೂ ಕೂಡಿದ ಕಡೆ ಹೊಸ ಕೀಲೂ ಹಳೆಯ ಹುರಿಯೂ ಹೊಂದಿಕೊಂಡು ಬಾಳುತ್ತವೆ.